ಕೈಗೆ ಬಾರದ ಕೈ

ನನ್ನ ಹಳೆಯ ಚಿತ್ರದ ವಹಿಯಲ್ಲಿರುವ ಮನುಷ್ಯರೆಲ್ಲ ಬಹಳ ಸಂಕೋಚದವರು. ಒಬ್ಬರೂ ಕೈ ತೋರಿಸುವುದಿಲ್ಲ. ಗಂಡಸರ ಕೈ ಪ್ಯಾಂಟಿನ ಕಿಸೆಯಲ್ಲಿದೆ, ಇಲ್ಲವೇ ಬೆನ್ನ ಹಿಂದಿದೆ. ಹೆಂಗಸರ ಕೈ ಸೆರಗಿನೊಳಗೆ. ಮುದುಕರು ಕಂಬಳಿ ಹೊದ್ದಿದ್ದಾರೆ. ಹಾನಗಲ್ಲು ಅರೆಮಲೆನಾಡು, ಆಷಾಢದ ಮಳೆಯಲ್ಲಿ ಕಂಬಳಿ ಸಹಜವಲ್ಲವೇ ಎಂದು ವಾದಿಸಬಹುದಿತ್ತು. ಆದರೆ ಏಪ್ರಿಲ್ ತಿಂಗಳ ತಾರೀಖು ಹಾಕಿದ ಚಿತ್ರದಲ್ಲೂ ಕಂಬಳಿ ಇದೆ.

ಮುಖ ಹೇಗೋ ಸಾಗುತ್ತದೆ. ಮೂಗು ತುಸು ಸೊಟ್ಟಗಾದರೆ ಅದು ಬೇರೆಯವರ ಮೂಗು ಎಂದು ದಾಟಿಸಬಹುದು. ಈ ಜಗತ್ತಿನಲ್ಲಿ ಎಂಥ ಮೂಗಿಗೂ ಒಬ್ಬ ವಾರಸುದಾರ ಸಿಗುತ್ತಾನೆ. ಕೈಗೆ ಆ ರಿಯಾಯಿತಿ ಇಲ್ಲ. ಚಿತ್ರಕಲೆಯ ಗಂಧಗಾಳಿ ಇಲ್ಲದವರೂ ಕೈ ತಪ್ಪಾಗಿದ್ದರೆ ಒಂದು ಕ್ಷಣದಲ್ಲಿ ಹಿಡಿಯುತ್ತಾರೆ, ಏಕೆಂದರೆ ಪ್ರತಿಯೊಬ್ಬರೂ ಮಾದರಿಯನ್ನು ತಮ್ಮ ಜೊತೆಗೇ ತಂದಿರುತ್ತಾರೆ. ನಾನು ಮೊದಲ ಸಲ ಧೈರ್ಯ ಮಾಡಿ ಒಂದು ಕೈ ಬರೆದು ಊಟದ ಮನೆಯಲ್ಲಿ ಇಟ್ಟಾಗ ನನ್ನ ಹೆಂಡತಿ ಅದನ್ನು ತಿರುವಿ ತಿರುವಿ ನೋಡಿ, ‘ಶುಂಠಿ ಚಲೋ ತಗದೀರಿ. ಹಾನಗಲ್ ಸಂತ್ಯಾಗ ನೋಡಿ ತಗದದ್ದೇನು?’ ಎಂದಳು. ಅವಳು ಹಂಗಿಸುತ್ತಿರಲಿಲ್ಲ, ನಿಜವಾಗಿಯೂ ಮೆಚ್ಚಿದ್ದಳು. ಅದೇ ಹೆಚ್ಚು ನೋವಿನ ಸಂಗತಿ.

ಇದಕ್ಕೆ ಕಾರಣ ನಮ್ಮ ಶಾಲೆಯ ಡ್ರಾಯಿಂಗಿನಲ್ಲಿತ್ತು ಎಂದು ನನ್ನ ಗುಮಾನಿ. ಲೋವರ್, ಹೈಯರ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ಕುಳಿತ ನಮ್ಮ ತಲೆಮಾರಿನವರು ತಂಬಿಗೆ ಬರೆಯುವುದರಲ್ಲಿ ಪಳಗಿದವರು. ತಂಬಿಗೆಯ ಕಂಠ, ಹೊಟ್ಟೆ, ಅದರ ಮೇಲೆ ಕಿಟಕಿಯ ಬೆಳಕು ಬಿದ್ದ ಬಿಳಿಯ ಚುಕ್ಕೆ, ಎಲ್ಲ ಕಣ್ಣುಮುಚ್ಚಿ ಬರೆಯುತ್ತಿದ್ದೆವು. ಆ ತಂಬಿಗೆಯನ್ನು ಹಿಡಿದ ಕೈ ಮಾತ್ರ ಯಾರೂ ಕೇಳಲಿಲ್ಲ. ನಾವು ಬರೆದ ತಂಬಿಗೆಗಳೆಲ್ಲ ಯಾರೂ ಎತ್ತಿಕೊಳ್ಳದೆ ಇಂದಿಗೂ ಮೇಜಿನ ಮೇಲೇ ಇವೆ.

ಹಾಗಾಗಿ ಇಳಿವಯಸ್ಸಿನಲ್ಲಿ ಮತ್ತೆ ಪೆನ್ಸಿಲ್ ಹಿಡಿದಾಗ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಗೆ ಹೋದೆ. ಅವರು ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದ ಚಿತ್ರಕಲಾ ಶಾಲೆಯಲ್ಲಿ ಕಲಿತವರು, ಮಾತು ಕಡಿಮೆ, ರಬ್ಬರು ಹೆಚ್ಚು. ನನ್ನ ವಹಿ ನೋಡಿ, ‘ಬೆರಳಿನಿಂದ ಸುರು ಮಾಡೀರಿ. ಅಂಗೈ ಇಲ್ಲದ ಮನ್ಯಾಗ ಬೆರಳು ಎಲ್ಲಿ ಇರಬೇಕ್ರಿ ಪಾಪ?’ ಎಂದರು. ಮೊದಲು ಅಂಗೈಯ ಚೌಕ, ಆಮೇಲೆ ಹೆಬ್ಬೆರಳಿನ ಬುಡದ ದಪ್ಪ ತುಂಡು, ಕೊನೆಗೆ ಉಳಿದ ನಾಲ್ಕು. ನಾಲ್ಕರ ಗೆಣ್ಣುಗಳು ಒಂದೇ ಗೆರೆಯಲ್ಲಿಲ್ಲ, ಬಾಗಿದ ಸಾಲಿನಲ್ಲಿವೆ. ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಕಡೆಗೆ ನೋಡುವುದಿಲ್ಲ, ಮಗ್ಗುಲಿಗೆ ತಿರುಗಿಕೊಂಡಿರುತ್ತದೆ. ಮುಂಗೈ ಕಡೆಯಿಂದ ನೋಡಿದರೆ ಬೆರಳು ಉದ್ದ, ಅಂಗೈ ಕಡೆಯಿಂದ ನೋಡಿದರೆ ಅದೇ ಬೆರಳು ಗಿಡ್ಡ, ಏಕೆಂದರೆ ಅಂಗೈಯ ತೊಗಲು ಬೆರಳುಗಳ ನಡುವೆ ಮೇಲಕ್ಕೆ ಏರಿ ಬಂದಿರುತ್ತದೆ. ನೀವೂ ಈಗ ಕೈ ತಿರುವಿ ನೋಡಿಕೊಳ್ಳುತ್ತಿದ್ದೀರಿ, ನನಗೆ ಗೊತ್ತು. ಇಷ್ಟು ವರ್ಷ ಅನ್ನ ಕಲಸಿ ಉಂಡ ಕೈಯ ಬಗ್ಗೆ ನಮಗೆ ಇಷ್ಟೂ ತಿಳಿದಿರಲಿಲ್ಲ.

ಒಂದು ಕೈಯಲ್ಲಿ 27 ಎಲುಬುಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡೇ, ಉಳಿದವಕ್ಕೆ ಮೂರು ಮೂರು. ಅದಕ್ಕಿಂತ ನನಗೆ ಸೋಜಿಗವೆನಿಸಿದ್ದು ಬೇರೆ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಳಕೈ ಕೆಳಗಿನ ಮಾಂಸದಲ್ಲಿವೆ. ಅಲ್ಲಿಂದ ಹುರಿಗಳು ಮಣಿಕಟ್ಟು ದಾಟಿ ಬೆರಳಿನ ತುದಿಯವರೆಗೆ ಬರುತ್ತವೆ. ಬಲಗೈಯಿಂದ ಎಡ ಮುಂದೋಳನ್ನು ಹಿಡಿದು ಎಡಗೈ ಬೆರಳು ಆಡಿಸಿದರೆ ಒಳಗೆ ಯಾರೋ ಹಗ್ಗ ಎಳೆಯುವುದು ತಿಳಿಯುತ್ತದೆ. ದೊಡ್ಡಾಟ, ಸಣ್ಣಾಟ, ಗೊಂಬೆಯಾಟಗಳ ಸೀಮೆಯಲ್ಲಿ ಹುಟ್ಟಿಯೂ ನನ್ನ ತೋಳಿನಲ್ಲೇ ಒಬ್ಬ ಸೂತ್ರಧಾರ ಕುಳಿತದ್ದು ನನಗೆ ಗೊತ್ತಾಗಿರಲಿಲ್ಲ.

ಅಭ್ಯಾಸಕ್ಕೆ ಪುಕ್ಕಟೆ ಸಿಗುವ ಮಾದರಿ ನಮ್ಮದೇ ಕೈ. ಆದರೆ ಬಲಗೈ ಪೆನ್ಸಿಲ್ ಹಿಡಿದಿರುವುದರಿಂದ ಎಡಗೈಯನ್ನೇ ನೋಡಿ ಬರೆಯಬೇಕು. ಪರಿಣಾಮವಾಗಿ ನನ್ನ ವಹಿಯ ಎರಡನೆಯ ಭಾಗದಲ್ಲಿ ಎಲ್ಲರಿಗೂ ಕೈ ಬಂತು, ಎರಡೂ ಎಡಗೈ. ನೇಗಿಲು ಹೊಡೆಯುವ ರೈತನೂ, ಆಶೀರ್ವಾದ ಮಾಡುವ ಸ್ವಾಮಿಗಳೂ ಎಡಚರೇ. ಎಡಗೈಯಲ್ಲಿ ಆಶೀರ್ವಾದ ಮಾಡಿಸಿದ ಪಾಪ ಬೇಡವೆಂದು ಕನ್ನಡಿ ತಂದಿಟ್ಟುಕೊಂಡೆ. ಹಾಲೆಂಡಿನ ಎಶರ್ 1948ರಲ್ಲಿ ಒಂದು ಚಿತ್ರ ಮಾಡಿದ: ಹಾಳೆಯಿಂದ ಎದ್ದ ಎರಡು ಕೈಗಳು ಒಂದನ್ನೊಂದು ಬರೆಯುತ್ತಿರುತ್ತವೆ. ಅದನ್ನು ತತ್ವಜ್ಞಾನವೆಂದು ಹೊಗಳುವವರಿದ್ದಾರೆ. ಕನ್ನಡಿ ಇಟ್ಟುಕೊಂಡು ಕುಳಿತವನಿಗೆ ಅದು ಬರೀ ಅಡಚಣೆಯ ಚಿತ್ರ.

ಮಾಸ್ತರರು ಹೇಳಿದ ಇನ್ನೊಂದು ಅಳತೆ: ಗದ್ದದಿಂದ ಹಣೆಯ ಮೇಲೆ ಕೂದಲು ಸುರುವಾಗುವ ತನಕ ಎಷ್ಟೋ, ಮಣಿಕಟ್ಟಿನಿಂದ ನಡುಬೆರಳಿನ ತುದಿಗೆ ಹೆಚ್ಚುಕಡಿಮೆ ಅಷ್ಟು. ತಲೆಕೂದಲು ಹಿಂದೆ ಸರಿದ ನನ್ನಂಥವರು ಅಂದಾಜಿನ ಮೇಲೆ ಅಳೆದುಕೊಳ್ಳಬೇಕು. ನಮ್ಮ ಶಿಲ್ಪಿಗಳಿಗೆ ಇದು ಮೊದಲೇ ಗೊತ್ತಿತ್ತು. ತಾಳಮಾನದಲ್ಲಿ ಒಂದು ತಾಳವೆಂದರೆ ಒಂದು ಹಸ್ತದುದ್ದ, ಅದೇ ಮುಖದುದ್ದ, ಹನ್ನೆರಡು ಅಂಗುಲ. ಇಡೀ ದೇವರನ್ನು ಕೈಯಿಂದಲೇ ಅಳೆದು ಕಟ್ಟಿದವರು ಅವರು.

ಅಳತೆ ನೋಡಿ ಬರೋಣವೆಂದು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದೆ. ಅಲ್ಲಿ ಹೋದವರೆಲ್ಲ ಕತ್ತೆತ್ತಿ ಛತ್ತಿನ ದೊಡ್ಡ ತಾವರೆ ನೋಡುತ್ತಾರೆ. ನಾನೊಬ್ಬ ಮೂರ್ತಿಗಳ ಬೆರಳು ನೋಡುತ್ತ ಗೋಡೆಗೆ ಮೂಗು ಹಚ್ಚಿ ನಿಂತಿದ್ದೆ. ಚಾಲುಕ್ಯರ ಕಾಲದ ಈ ಬೆರಳುಗಳಿಗೆ ಎಲುಬಿಲ್ಲ, ಗೆಣ್ಣಿಲ್ಲ, ನರವಿಲ್ಲ. ನುಣ್ಣಗೆ ಸಣ್ಣಗಾಗುತ್ತ ಹೋಗಿ ತುದಿಯಲ್ಲಿ ಬಾಗುತ್ತವೆ. ಅವನೀಂದ್ರನಾಥ ಟಾಗೋರರು 1914ರಲ್ಲಿ ಭಾರತೀಯ ಶಿಲ್ಪದ ಅಂಗರಚನೆಯ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಬೆರಳಿಗೆ ಅವರೆಕಾಯಿಯ ಜಾತಿಯ ಕಾಯಿಯನ್ನೂ ಮುಂದೋಳಿಗೆ ಎಳೆಯ ಬಾಳೆಯನ್ನೂ ಹೋಲಿಸಿ ಚಿತ್ರ ಸಹಿತ ತೋರಿಸಿದ್ದಾರೆ. ಶಾಸ್ತ್ರದಲ್ಲಿ ಕಾಯಿಪಲ್ಲೆಗೆ ಅವಕಾಶವಿದೆ ಎಂದು ಮನೆಗೆ ಬಂದು ಉತ್ಸಾಹದಿಂದ ಹೇಳಿದೆ. ‘ಅವರೀಕಾಯಿಗೆ ಐತಿ, ಶುಂಠಿಗೆ ಇಲ್ಲಲ್ಲ’ ಎಂದು ಉತ್ತರ ಬಂತು.

ಗುಡಿಯ ಬೆರಳು ಕೆಲಸ ಮಾಡಿದ ಬೆರಳಲ್ಲ, ದೇವತೆಗಳದ್ದು. ಅದಕ್ಕೆ ಗೆಣ್ಣು ಬೇಕಿಲ್ಲ. ನಮ್ಮ ಕಡೆಯ ಮಾಸ್ತಿಕಲ್ಲುಗಳಲ್ಲಿ ಇನ್ನೊಂದು ಬಗೆಯ ಕೈ ಇದೆ. ಕಂಬದಿಂದ ಚಾಚಿ, ಮೊಳಕೈಯಲ್ಲಿ ಮಡಿಸಿ, ಅಂಗೈ ಮೇಲೆತ್ತಿದ ಕೈ, ಕೈತುಂಬ ಬಳೆ. ಗಂಡನ ಚಿತೆಯೇರಿದವಳ ಗುರುತು ಅದು. ಇಡೀ ಹೆಂಗಸಿನಲ್ಲಿ ಊರು ನೆನಪಿಟ್ಟುಕೊಂಡದ್ದು ಕೈ ಮತ್ತು ಬಳೆಯನ್ನು ಮಾತ್ರ. ಆ ಕಲ್ಲನ್ನು ಬರೆಯಲು ಕುಳಿತಾಗ ಬಳೆಗಳ ಸಾಲು ಸಲೀಸಾಗಿ ಬಂತು. ಅಂಗೈಯನ್ನು ಯಾವ ಭಾವದಲ್ಲಿ ಬರೆಯಬೇಕೋ ತಿಳಿಯದೆ ಬಿಟ್ಟೆ. ಅಭಯವೆಂದು ಪೂಜಾರಿಗಳು ಹೇಳುತ್ತಾರೆ. ಬೇಡ ಎಂದು ತಡೆಯುವಾಗಲೂ ಅಂಗೈ ಹಾಗೇ ಇರುತ್ತದೆ.

ಹಾನಗಲ್ ತಾಲೂಕಿನಲ್ಲಿ ಕೈಯ ಮಾತೆತ್ತಿ ಗವಾಯಿಗಳನ್ನು ಬಿಡಲಾಗದು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳು 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದರು. ಎರಡೂ ಇದೇ ತಾಲೂಕಿನ ಹಳ್ಳಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಪಂಚಾಕ್ಷರಿಗಳಿಗೆ ದಾರಿ ತೋರಿದ್ದು ಹಾನಗಲ್ ಕುಮಾರಸ್ವಾಮಿಗಳು, ಪುಟ್ಟರಾಜರಿಗೆ ಪಂಚಾಕ್ಷರಿಗಳು. ಪುಟ್ಟರಾಜರು ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎನ್ನದೆ ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸಿದವರು. ನಮ್ಮ ಸೀಮೆಯ ಎಷ್ಟೋ ಮನೆ, ಖಾನಾವಳಿ, ಕಿರಾಣಿ ಅಂಗಡಿಗಳ ಗೋಡೆಯ ಮೇಲೆ ಅವರ ಫೋಟೋ ಇದೆ. ಹೊಸದಾಗಿ ಚಿತ್ರ ಕಲಿಯುವವರು ಕಣ್ಣನ್ನು ನೆಚ್ಚಿಕೊಂಡಿರುತ್ತಾರೆ. ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಇಟ್ಟರೆ ಸಾಕು, ಚಿತ್ರಕ್ಕೆ ಜೀವ ಬಂತೆಂದು ನೋಡಿದವರು ತಲೆದೂಗುತ್ತಾರೆ. ಗವಾಯಿಗಳ ಚಿತ್ರದಲ್ಲಿ ಆ ಉಪಾಯ ನಡೆಯುವುದಿಲ್ಲ. ಹಾರ್ಮೋನಿಯಂ ಮೇಲಿನ ಬೆರಳಿನಲ್ಲೇ ಎಲ್ಲ ಬರಬೇಕು. ಆ ಚಿತ್ರ ನನ್ನ ವಹಿಯಲ್ಲಿ ಅರ್ಧಕ್ಕೆ ನಿಂತಿದೆ. ಹಾರ್ಮೋನಿಯಂ ಮುಗಿದಿದೆ ಎಂಬುದು ಸಮಾಧಾನ.

ಸವಣೂರಿಗೆ ನನ್ನನ್ನು ಕಳಿಸಿದ್ದೂ ಮಾಸ್ತರರೇ. ಅಲ್ಲಿನ ದೊಡ್ಡಹುಣಸೆ ಮಠದಲ್ಲಿರುವ ಮೂರು ಮಹಾಮರಗಳನ್ನು ಊರವರು ದೊಡ್ಡ ಹುಣಸೆಮರವೆಂದು ಕರೆದರೂ ಅವು ಆಫ್ರಿಕಾ ಮೂಲದ ಬಾವೊಬಾಬ್. ಅದರ ಎಲೆ ಒಂದೇ ತೊಟ್ಟಿನಿಂದ ಐದಾರು ಬೆರಳುಗಳಾಗಿ ಹರಡುತ್ತದೆ. ‘ಬೆರಳು ಹೆಂಗ ಹಬ್ಬತಾವ ಅನ್ನೋದು ಆ ಎಲ್ಯಾಗ ನೋಡ್ರಿ’ ಎಂದಿದ್ದರು. ನಾನು ಹೋದದ್ದು ಬೇಸಿಗೆಯಲ್ಲಿ. ಮರಗಳು ಎಲೆಯೆಲ್ಲ ಉದುರಿಸಿ, ಗುಡಾಣದಂಥ ಬೊಡ್ಡೆಗಳನ್ನಷ್ಟೇ ಮುಂದೆ ಮಾಡಿ ನಿಂತಿದ್ದವು. ನನ್ನ ವಹಿಯ ಜನರ ಸುದ್ದಿ ಇವಕ್ಕೂ ಹೇಗೋ ಮುಟ್ಟಿತ್ತು.

ನಿರಾಶನಾಗಿ ಸವಣೂರ ಖಾರಾ ಕಟ್ಟಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಅಲ್ಲಿ ಒಬ್ಬಾಕೆ ಬುಟ್ಟಿ ಮುಂದಿಟ್ಟುಕೊಂಡು ವೀಳ್ಯದೆಲೆ ಎಣಿಸುತ್ತಿದ್ದಳು. ಸವಣೂರ ಎಲೆ ಹೆಸರಾದದ್ದು, ಆದರೆ ಅದನ್ನು ಎಣಿಸುವ ಕೈಯನ್ನು ಯಾರೂ ಹೊಗಳಿದ್ದು ಕೇಳಿಲ್ಲ. ಎಡಗೈ ಕಟ್ಟನ್ನು ಹಿಡಿದಿತ್ತು. ಬಲಗೈ ಹೆಬ್ಬೆರಳು ಒಂದೊಂದೇ ಎಲೆಯನ್ನು ಸರಿಸಿ ತೋರುಬೆರಳಿಗೆ ಒಪ್ಪಿಸುತ್ತಿತ್ತು. ಕಿರುಬೆರಳು ಕೆಲಸವಿಲ್ಲದೆ ತುಸು ಮೇಲೆದ್ದಿತ್ತು. ನಡುನಡುವೆ ಹರಿದ ಎಲೆ ಬಂದರೆ ಕೈ ತಾನೇ ನಿಂತು ಅದನ್ನು ಪಕ್ಕಕ್ಕೆ ಹಾಕುತ್ತಿತ್ತು, ಅವಳ ಕಣ್ಣು ಮಾತ್ರ ಹಾವೇರಿ ಬಸ್ಸಿನ ಮೇಲಿತ್ತು. ನಾನು ವಹಿ ತೆಗೆದೆ. ಅವಳ ಕೈ ಓಡುತ್ತಿತ್ತು, ನನ್ನದು ತೆವಳುತ್ತಿತ್ತು. ತಡೆಯಲಾಗದೆ, ‘ಅವ್ವಾ, ಕೈ ಒಂದೀಟು ಹಂಗ ಹಿಡೀತೀ ಏನು?’ ಎಂದೆ. ಅವಳು ಪಾಪ ಹಿಡಿದಳು. ಹಿಡಿದ ಕೂಡಲೇ ಕೈ ಮಂಕಾಯಿತು. ಬೆರಳುಗಳು ಒಂದಕ್ಕೊಂದು ಸಂಬಂಧವಿಲ್ಲದ ಬೀಗರ ಹಾಗೆ ಕುಳಿತವು. ಎಲೆ ಎಣಿಸುವುದನ್ನು ಬಿಟ್ಟ ಮೇಲೆ ಆ ಕೈಗೆ ತಾನು ಯಾರೆಂಬುದೇ ಮರೆತಂತಿತ್ತು. ಬರೆದದ್ದನ್ನು ಅಳಿಸಿ, ‘ನೀ ಎಣಸವ್ವಾ’ ಎಂದೆ. ಎಣಿಕೆ ಎಲ್ಲಿಗೆ ಬಂದಿತ್ತು ಎನ್ನುವುದು ಅವಳಿಗೆ ತಪ್ಪಿಹೋಗಿತ್ತು. ಮೊದಲಿನಿಂದ ಸುರು ಮಾಡಿದಳು, ನಾನೂ ಮಾಡಿದೆ.

ಕೈಯ ಆಕಾರವನ್ನು ಬರೆಯಲು ಹೋಗಿ ಕೆಟ್ಟದ್ದು ಅಲ್ಲಿ ತಿಳಿಯಿತು. ಅದು ಏನು ಮಾಡುತ್ತಿದೆ ಎಂಬುದು ಗೊತ್ತಿದ್ದರೆ ಯಾವ ಬೆರಳಿಗೆ ಭಾರ ಬಿದ್ದಿದೆ, ಯಾವುದು ಸುಮ್ಮನಿದೆ, ಯಾವುದು ಕಾಯುತ್ತಿದೆ ಎಂಬುದು ತಾನಾಗಿ ಹೊಳೆಯುತ್ತದೆ. ಅಂದಿನಿಂದ ನನ್ನ ಶಾಲೆ ಬಸ್ಸು. ನೋಟುಗಳನ್ನು ಉದ್ದಕ್ಕೆ ಮಡಿಚಿ ಬೆರಳಿನ ಸಂದಿಯಲ್ಲಿಟ್ಟುಕೊಂಡು, ಅದೇ ಕೈಯಲ್ಲಿ ಟಿಕೆಟ್ ಮಷೀನ್ ಒತ್ತಿ, ಮೊಳಕೈಯಿಂದ ಕಂಬ ಹಿಡಿಯುವ ಕಂಡಕ್ಟರರ ಕೈ ಬರೆಯಲು ಕಲಿತವನಿಗೆ ಜರ್ಮನಿಯ ಡ್ಯೂರರ್ 1508ರಲ್ಲಿ ನೀಲಿ ಕಾಗದದ ಮೇಲೆ ಬರೆದ ಆ ಪ್ರಸಿದ್ಧ ಮುಗಿದ ಕೈಗಳು ಅಷ್ಟು ಕಷ್ಟವೆನಿಸಲಿಕ್ಕಿಲ್ಲ. ಮುಗಿದ ಕೈ ಅಲುಗುವುದಿಲ್ಲ, ಚಿಲ್ಲರೆಯನ್ನೂ ಕೇಳುವುದಿಲ್ಲ.

ಎಲ್ಲಕ್ಕೂ ಸುಲಭದ ಕೈ ಮೊಹರಮ್ಮಿನ ಪಂಜಾ. ಲೋಹದ ತಗಡಿನಲ್ಲಿ ಐದು ಬೆರಳು ನೆಟ್ಟಗೆ, ನೆರಳಿಲ್ಲ, ಮಡಿಕೆಯಿಲ್ಲ. ಶಿಗ್ಗಾಂವಿ ತಾಲೂಕಿನವರೇ ಆದ ಶಿಶುನಾಳ ಶರೀಫರು ರಿವಾಯತ್ ಪದಗಳನ್ನು ಕಟ್ಟಿದ್ದು ಇದೇ ಪಂಜಾಗಳ ಮುಂದೆ ಹಾಡಲಿಕ್ಕೆ. ಹಬ್ಬದಲ್ಲಿ ನೋಡಿ ಬರೆದ ಪಂಜಾ ಒಂದೇ ಗುಕ್ಕಿಗೆ ಸರಿಬಂತು. ನನ್ನ ವಹಿಯಲ್ಲಿ ಯಾರೂ ಆಕ್ಷೇಪಿಸದ ಕೈ ಅದೊಂದೇ. ಚುನಾವಣೆ ಬಂದಾಗ ಗೋಡೆಯ ಮೇಲೆ ಹಸ್ತದ ಗುರುತು ಬರೆಯುವ ಪೇಂಟರನಿಗೂ ಬಹುಶಃ ಇದೇ ನೆಮ್ಮದಿ ಇರುತ್ತದೆ, ಉಳಿದ ನೆಮ್ಮದಿ ಎಣಿಕೆಯ ದಿನದ ಮೇಲೆ.

ಶಿಗ್ಗಾಂವಿ ತಾಲೂಕಿನ ಗೊಟಗೋಡಿಗೆ ನಾನು ಆಗಾಗ ಹೋಗುವುದಕ್ಕೆ ಕಾರಣ ಬೇರೆ. ಹೆದ್ದಾರಿ ಮಗ್ಗುಲಿನ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಕೈಗಳು ಕೆಲಸವನ್ನೂ ಮಾಡುತ್ತವೆ, ಅಲುಗುವುದೂ ಇಲ್ಲ. ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಆ ತೋಟದಲ್ಲಿ ಒಂದು ಇಡೀ ಹಳ್ಳಿ ಆಳೆತ್ತರದ ಮೂರ್ತಿಗಳಾಗಿ ಕುಳಿತಿದೆ. ಶಾಲೆಯ ಮಕ್ಕಳು ಬಸ್ಸಿಳಿದವರೇ ರಾಜಕುಮಾರ್ ಪಾತ್ರಗಳ ಕಡೆಗೆ ಓಡುತ್ತಾರೆ. ನಾನು ಒಬ್ಬೊಬ್ಬರ ಬೆರಳು ಹುಡುಕುತ್ತ ಹೋಗುತ್ತೇನೆ. ಸೊಲಬಕ್ಕನವರ ಅವರು ಚಿತ್ರಕಾರರು, ಶಿಲ್ಪಿ, ದೊಡ್ಡಾಟದ ಕಲಾವಿದರು, ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 2020ರಲ್ಲಿ ತೀರಿಕೊಂಡರು. ದೊಡ್ಡಾಟ ಗೊತ್ತಿದ್ದವರ ಕೈಯಲ್ಲಿ ಮಾಡಿಸಿದ ಮೂರ್ತಿ ಎಂಬುದು ನಿಂತ ಭಂಗಿಯಲ್ಲೇ ತಿಳಿಯುತ್ತದೆ: ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕೈ ಕಾಣಬೇಕು. ಸಿಮೆಂಟಿನ ಕೈಯೊಳಗೆ ಎಲುಬಿಗೆ ಬದಲು ಕಬ್ಬಿಣದ ಸರಳು. ಅದರ ಮೇಲೆ ಮೆತ್ತಿದ ಮಾಂಸಕ್ಕೆ ಬಣ್ಣ. ಹತ್ತಿರ ಹೋದರೆ ಗೆಣ್ಣು ತುಸು ಒರಟು, ಉಗುರು ತುಸು ದೊಡ್ಡದು. ಆದರೆ ಹಿಡಿದದ್ದನ್ನು ಗಟ್ಟಿಯಾಗಿ ಹಿಡಿದಿವೆ. ತಾರಕೇಶ್ವರನ ಗುಡಿಯ ನುಣುಪು ಬೆರಳಿಗಿಂತ ನನಗೆ ಇವು ಹತ್ತಿರದವು, ಇದನ್ನು ಪಂಡಿತರ ಮುಂದೆ ಹೇಳಲಾರೆ.

ಊರಿಗೆ ಬಂದ ಮಗಳು ಒಮ್ಮೆ ಮೊಬೈಲಿನಲ್ಲಿ ಎಐಗೆ ‘ರೊಟ್ಟಿ ಬಡಿಯುವ ಉತ್ತರ ಕರ್ನಾಟಕದ ಹೆಂಗಸು’ ಎಂದು ಹೇಳಿ ಚಿತ್ರ ತರಿಸಿದಳು. ಚಿತ್ರ ಕಣ್ಣು ಕುಕ್ಕುವಂತಿತ್ತು. ಒಲೆಯ ಬೆಂಕಿ, ಹೊಗೆ, ಇಳಕಲ್ ಸೀರೆಯ ಟೋಪಿ ತೆನಿ ಎಲ್ಲ ಇತ್ತು. ಬಲಗೈಗೆ ಆರು ಬೆರಳು. ಜಗತ್ತಿನ ಚಿತ್ರಗಳನ್ನೆಲ್ಲ ಅರೆದು ಕುಡಿದ ಯಂತ್ರವೂ ಕೈಯ ಹತ್ತಿರ ಬಂದು ಎಡವಿದ್ದು ಕಂಡು ನನಗಾದ ಸಂತೋಷ ಒಳ್ಳೆಯ ಜಾತಿಯದಲ್ಲ. ಈಗ ಅದು ತಿದ್ದಿಕೊಂಡಿದೆಯಂತೆ, ಐದಕ್ಕೆ ನಿಲ್ಲುತ್ತದಂತೆ. ಅದಕ್ಕೆ ರೊಟ್ಟಿ ಬಡಿದು ಗೊತ್ತಿಲ್ಲ, ಎಣಿಸಿ ಗೊತ್ತು. ನನ್ನ ಹೆಂಡತಿ ಆ ಚಿತ್ರ ನೋಡಿ ಬೆರಳನ್ನು ಎಣಿಸಲೇ ಇಲ್ಲ. ‘ಅಂಗೈ ಹಿಂಗ ಎತ್ತಿದ್ರ ರೊಟ್ಟಿ ತಿರಗೂದುಲ್ರೀ’ ಎಂದಳು. ಕೊಮ್ಮಣಿಗೆಯ ಮುಂದೆ ಕುಳಿತಾಗ ಅಂಗೈ ಬಡಿದು ಏಳುವಾಗಲೇ ರೊಟ್ಟಿಯನ್ನು ಒಂದಿಷ್ಟು ಸುತ್ತಿಸಿ ಬಿಡುತ್ತದೆ. ಬಡಿತವೂ ತಿರುಗುವುದೂ ಒಂದೇ ಕೆಲಸ. ಅದನ್ನು ಬರೆಯಬೇಕೆಂದು ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ಹಿಟ್ಟು ಹಾರಿ ಚಿತ್ರದ ಹಾಳೆಗೆ ಮೆತ್ತಿ, ಅಲ್ಲಿಂದ ಎಬ್ಬಿಸಲ್ಪಟ್ಟೆ.

ಮೊನ್ನೆ ಹೋದದ್ದು ಹಿರೇಕೆರೂರಿನ ಕಡೆಗೆ. ಆ ಭಾಗದ ಹೊಲಗಳಲ್ಲಿ ಬೀಜದ ಹತ್ತಿಗೆ ಕ್ರಾಸ್ ಮಾಡುವ ಕೆಲಸವಿರುತ್ತದೆ. ಡಾ. ಬಿ.ಎಚ್. ಕಟರಕಿಯವರು ಧಾರವಾಡದಲ್ಲಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿಯನ್ನು ಕೊಟ್ಟರು. ಹಿಂದಿನಿಂದ ಜಯಲಕ್ಷ್ಮಿ ಬಂತು. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ಒಂದೊಂದು ಹೂವನ್ನೂ ಕೈಯಿಂದಲೇ ಕೂಡಿಸಬೇಕು. ಮರುದಿನ ಅರಳುವ ಮೊಗ್ಗನ್ನು ಹಿಂದಿನ ದಿನವೇ ಗುರುತಿಸಿ, ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಊರಿ ಸುತ್ತಲೂ ಒಂದು ಗೀರು ಹಾಕಿ, ಎಸಳನ್ನೂ ಗಂಡು ಕೇಸರಗಳನ್ನೂ ಒಟ್ಟಿಗೆ ಬಿಚ್ಚಿ ತೆಗೆಯುತ್ತಾರೆ. ನಡುವಿನ ಹೆಣ್ಣು ಭಾಗಕ್ಕೆ ಸ್ವಲ್ಪ ಪೆಟ್ಟಾದರೂ ಕಾಯಿ ಕಟ್ಟುವುದಿಲ್ಲ. ಮರುದಿನ ಬೆಳಿಗ್ಗೆ ಗಂಡು ಹೂವನ್ನು ತಂದು ಅದರ ಪುಡಿಯನ್ನು ಸವರುತ್ತಾರೆ. ಒಂದು ಗಂಡು ಹೂವಿಗೆ ನಾಲ್ಕೈದು ಮೊಗ್ಗು. ಸೋಲಾಪುರದಿಂದ ಸೂರತ್ತಿನವರೆಗೆ ಗಿರಣಿಗಳಲ್ಲಿ ತಿರುಗಿದ ನೂಲಿನ ಹಿಂದೆ ಇಂಥ ಹೆಣ್ಣುಮಕ್ಕಳ ಉಗುರುಗಳಿವೆ. ಕೂಲಿಯ ಲೆಕ್ಕದಲ್ಲಿ ಉಗುರಿಗೆ ಬೇರೆ ಕಾಲಮ್ ಇಲ್ಲ.

ಬದುವಿನ ಮೇಲೆ ಕುಳಿತು, ಗಿಡಗಳ ನಡುವೆ ಬಗ್ಗಿದ್ದ ಒಬ್ಬ ಹಿರಿಯಳ ಬಲಗೈ ಬರೆದೆ. ಹೆಬ್ಬೆರಳು ಊರಿದೆ, ತೋರುಬೆರಳು ಎದುರು ಒತ್ತು ಕೊಟ್ಟಿದೆ, ಉಳಿದ ಮೂರು ಮೊಗ್ಗಿಗೆ ತಾಗದಂತೆ ದೂರ ನಿಂತಿವೆ. ಈ ಸಲ ಕೈ ನನ್ನ ಹಾಳೆಯಲ್ಲಿ ಬಂದು ಕುಳಿತಿತ್ತು ಎಂದು ನನಗೇ ಅನಿಸಿತು. ನೀರು ಕುಡಿಯಲು ಬಂದವಳು ಬಗ್ಗಿ ನೋಡಿದಳು. ಶುಂಠಿ ಎನ್ನಲಿಲ್ಲ. ತನ್ನ ಕೈಯನ್ನು ಹಾಳೆಯ ಪಕ್ಕ ಹಿಡಿದು ಒಂದಕ್ಕೊಂದು ತಾಳೆ ನೋಡಿದಳು.

‘ಎಲ್ಲಾ ಚಲೋ ತಗದೀರಿ. ಹೆಬ್ಬಟ್ಟಿನ ಉಗುರು ಯಾಕ್ರಿ ಕತ್ತರಿಸೀರಿ?’

ನೋಡಿದೆ. ಹೌದು, ನನ್ನ ಉಗುರನ್ನೇ ಬರೆದಿದ್ದೆ.

‘ಇಷ್ಟ ಉಗುರಿಗೆ ಕ್ರಾಸ್ ಆಗೂದುಲ್ರೀ. ಇಂಥಾ ಕೈ ನಮ್ಮ ಗೌಡ್ರು ಕೂಲಿಗೆ ತಗೊಳ್ಳೂದುಲ್ಲ.’

ಉಗುರು ಬೆಳೆಸಿದೆ, ತುದಿಗೆ ಮೊಗ್ಗಿನ ರಸದ ಕಲೆಯನ್ನೂ ಹಚ್ಚಿದೆ. ಅವಳು ಮತ್ತೆ ನೋಡಿದಳು. ಪಕ್ಕದ ಸಾಲಿನವಳನ್ನೂ ಕರೆದಳು. ಇಬ್ಬರೂ ಸೇರಿ ಹಾಳೆಯನ್ನು ಆ ಕಡೆ ಈ ಕಡೆ ತಿರುವಿದರು. ಪಕ್ಕದವಳು ಕೇಳಿದಳು:

‘ಇನ್ನೊಂದ್ ಕೈ ಎಲ್ಲೈತ್ರೀ? ಟೊಂಗಿ ಹಿಡ್ಯಾವ್ರು ಯಾರು?’

ಎಡಗೈ ಎಲೆಗಳ ಹಿಂದಿತ್ತು, ಕಾಣುತ್ತಿರಲಿಲ್ಲ, ಅದಕ್ಕೇ ಬರೆದಿರಲಿಲ್ಲ ಎಂದು ಹೇಳಿದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಳು ಒಂದು ಟೊಂಗೆಯನ್ನು ಎಡಗೈಯಲ್ಲಿ ಬಗ್ಗಿಸಿ ನನ್ನ ಮುಂದೆ ಹಿಡಿದು, ‘ಲಗೂನ ತಗೀರಿ ಮತ್ತ. ಹೊತ್ತು ಮುಳುಗೂದ್ರಾಗ ಇನ್ನೂ ನಾಕ್ ಸಾಲು ಮುಗಸಬೇಕು’ ಎಂದಳು. ನಾನು ಪೆನ್ಸಿಲಿನ ಮೊಂಡು ತುದಿಯನ್ನು ಕೆತ್ತತೊಡಗಿದ್ದೆ. ಅಷ್ಟರಲ್ಲಿ ಅವಳ ಬಲಗೈ ಆ ಟೊಂಗೆಯ ಮೊಗ್ಗನ್ನು ಬಿಚ್ಚಿ ಮುಗಿಸಿತ್ತು.